ಡ್ರೈಯರ್‌ಗೆ ಎಣ್ಣೆ ಟವಲ್ ಹಾಕಬಹುದಾ? ಬೆಂಕಿ ಹತ್ತುತ್ತಂತೆ, ನಿಜವಾ?

ಗೋಕುಲಂ ಮನೆಯೊಡತಿ:
ಮೈಸೂರಿನ ಗೋಕುಲಂನಲ್ಲಿ ನಮ್ಮ ಮಹಡಿ ಮನೆಯನ್ನು ಯೋಗ ಕಲಿಯಲು ಬರುವವರಿಗೆ ಬಾಡಿಗೆಗೆ ಕೊಡುತ್ತೇವೆ. ಆಷಾಢದ ಜಡಿಮಳೆಗೆ ಏನೂ ಒಣಗಲ್ಲ ಅಂತ ಡ್ರೈಯರ್ ತಂದೆವು. ಮೊದಲು ಒಂದು ಗಂಟೆ ಸಾಕಾಗುತ್ತಿತ್ತು, ಈಗ ಎರಡು ಗಂಟೆ ಓಡಿದರೂ ಟವಲ್ ಅಂಚು ಹಸಿ. ಜೊತೆಗೆ ಹರಳೆಣ್ಣೆ ಸ್ನಾನದ ಟವಲ್‌ಗಳು, ಒಗೆದರೂ ಜಿಡ್ಡು ಬಿಡಲ್ಲ. ಬಾಡಿಗೆಗಿರುವ ಅಮೆರಿಕದ ಹುಡುಗಿ, ಅವರೂರಲ್ಲಿ ಇದರಿಂದ ಮನೆಗಳೇ ಸುಟ್ಟಿವೆ ಎನ್ನುತ್ತಾಳೆ. ಸುಮ್ನೆ ಹೆದರಿಸುತ್ತಿದ್ದಾಳಾ?

ಮಂಡ್ಯ ಮೆಕ್ಯಾನಿಕ್:
ಹುಡುಗಿ ಹೇಳಿದ್ದು ಸರಿ ಅಕ್ಕ. 2008ರಿಂದ 2010ರವರೆಗೆ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿ ಅಂತ ಅಲ್ಲಿನ ಸರ್ಕಾರದ್ದೇ ಲೆಕ್ಕ. ಕ್ಲೀನ್ ಮಾಡದೆ ಬಿಟ್ಟಿದ್ದೇ ಮುಖ್ಯ ಕಾರಣ.

ಒಣಗಲು ಜಾಸ್ತಿ ಹೊತ್ತು ಹಿಡಿಯುತ್ತಿದೆ ಅಂದರೆ ಬಿಸಿಗಾಳಿಗೆ ದಾರಿ ಕಟ್ಟಿದೆ. ಪ್ಲಗ್ ಕಿತ್ತು, ಹಿಂದಿನ ಪೈಪ್ ಬಿಚ್ಚಿಸಿ. ಬಗ್ಗಿದ ಕಡೆ ಬೂದು ಬಣ್ಣದ ಲಿಂಟ್, ಅಂದರೆ ಬಟ್ಟೆಯಿಂದ ಉದುರಿದ ನಾರು, ಹಳೆ ದಿಂಬಿನ ಅರಳೆಯ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಕಿಡಿ ತಾಗಿದರೆ ಸಾಕು, ಭಗ್ಗನೆ ಹತ್ತುತ್ತದೆ. ತೆಳು ಫಾಯಿಲ್ ಪೈಪ್ ಇದ್ದರೆ ತೆಗೆದು ಗಟ್ಟಿ ತಗಡಿನದು ಹಾಕಿಸಿ, ವರ್ಷಕ್ಕೊಮ್ಮೆ ಬಿಚ್ಚಿ ನೋಡಿ.

ಡ್ರೈಯರ್‌ನಲ್ಲಿ ಲಿಂಟ್ ಹಿಡಿಯುವ ಜಾಲರಿಯನ್ನು ಪ್ರತಿ ಸಲ ಒರೆಸಿ. ಆಗಾಗ ಅದರ ಮೇಲೆ ನೀರು ಬಿಡಿ. ನೀರು ಇಳಿಯದೆ ನಿಂತರೆ ಬಟ್ಟೆಗೆ ಹಾಕುವ ಕಂಡೀಷನರ್‌ನ ಜಿಡ್ಡು ಕಣ್ಣು ಮುಚ್ಚಿದೆ. ಹಳೆ ಬ್ರಷ್ಷು, ಸೋಪಿನ ನೀರು ಸಾಕು.

ಎಣ್ಣೆ ಟವಲ್ ಮಾತ್ರ ಬೇಡವೇ ಬೇಡ. ಉಳಿದ ಎಣ್ಣೆ ಗಾಳಿ ಜೊತೆ ಸೇರಿ ತಾನಾಗೇ ಬಿಸಿಯಾಗುತ್ತದೆ. ಬುಟ್ಟಿಯಲ್ಲಿ ಬಿಸಿಬಿಸಿ ರಾಶಿ ಹಾಕಿದರೆ ಆ ಕಾವು ಒಳಗೇ ಉಳಿದು, ಗಂಟೆಗಟ್ಟಲೆ ಆದ ಮೇಲೂ ಹೊತ್ತಿಕೊಳ್ಳಬಹುದು. ಹರಳೆಣ್ಣೆಗಿಂತ ಸೂರ್ಯಕಾಂತಿ ಎಣ್ಣೆ ಇನ್ನೂ ಕೆಟ್ಟದ್ದು. ಅಡುಗೆಮನೆ ಮಸಿಬಟ್ಟೆಯನ್ನೂ ಹಾಕಬೇಡಿ. ಕೊನೆಯ ತಣ್ಣನೆ ಸುತ್ತು ಮುಗಿಯುವವರೆಗೆ ಬಾಗಿಲು ತೆಗೆಯಬೇಡಿ.

ಕುವೆಂಪುನಗರ ನಿವಾಸಿ:
ನಮ್ಮದು ಬಟ್ಟೆಯ ತೇವವನ್ನು ಒಳಗೇ ನೀರಾಗಿಸುವ ಕಂಡೆನ್ಸರ್ ಡ್ರೈಯರ್, ಪೈಪೇ ಇಲ್ಲ. ನಮಗೆ ಈ ತಲೆನೋವಿಲ್ಲ ಅಲ್ವಾ?

ಮಂಡ್ಯ ಮೆಕ್ಯಾನಿಕ್:
ಪೈಪ್ ಇಲ್ಲ ಸಾರ್, ಲಿಂಟ್ ಇದೆಯಲ್ಲ! ಜಾಲರಿ ನೋಡಿಕೊಳ್ಳಿ, ಕಂಡೆನ್ಸರ್ ಹೊರಗೆ ಬರುವಂಥದ್ದಾದರೆ ತೊಳೆಯಿರಿ. ಪ್ಲಗ್ ನೇರ 16 ಆಂಪ್ ಸಾಕೆಟ್‌ಗೇ ಹಾಕಿ, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ರಾತ್ರಿ ಆನ್ ಮಾಡಿ ಮಲಗುವವರೂ ಇದ್ದಾರೆ. ಅವರಿಗೆ ಏನು ಹೇಳೋಣ!

ಗೋಕುಲಂ ಮನೆಯೊಡತಿ:
ಎಣ್ಣೆ ಟವಲ್‌ಗೆ ಶೀಟಿನ ಕೆಳಗೆ ಹಗ್ಗ ಕಟ್ಟಿಸುತ್ತೇನೆ. ಗಟ್ಟಿ ಪೈಪ್ ಯಾರ ಹತ್ತಿರ ಕೇಳಲಿ?

ಮಂಡ್ಯ ಮೆಕ್ಯಾನಿಕ್:
ಅಡುಗೆಮನೆ ಚಿಮಣಿ ಕೂರಿಸುವವರನ್ನು ಕೇಳಿ. ಸಾಮಾನ್ಯವಾಗಿ 4 ಇಂಚು, ಆದರೂ ಮೆಷಿನ್ನಿನ ಬಾಯಿ ಅಳೆದುಕೊಂಡು ಹೋಗಿ. ಜೋಡಿಸುವಾಗ ಸ್ಕ್ರೂ ಹೊಡೆಯಲು ಬಿಡಬೇಡಿ. ಒಳಗೆ ಚಾಚಿದ ಮೊನೆಗೆ ಲಿಂಟ್ ಸಿಕ್ಕಿಕೊಳ್ಳುತ್ತದೆ. ಅಲ್ಯೂಮಿನಿಯಂ ಟೇಪ್ ಸುತ್ತಿಸಿ.