ಹನೋಯಿಯಲ್ಲಿ ಮೂರು ದಿನ: ಸಸ್ಯಾಹಾರಿ ಹಿರಿಯರ ಜೊತೆ ಹೇಗೆ?

ಪ್ರಶ್ನೆ: ಜನವರಿಯಲ್ಲಿ ಅಪ್ಪ-ಅಮ್ಮನ ಜೊತೆ ವಿಯೆಟ್ನಾಂ ರಾಜಧಾನಿ ಹನೋಯಿಗೆ ಹೋಗ್ತಿದ್ದೀನಿ. ಫ್ರೆಂಚರ ಕಾಲದ ಕಟ್ಟಡಗಳನ್ನ ನೋಡೋ ಆಸೆ. ಇಬ್ಬರೂ ಸಸ್ಯಾಹಾರಿಗಳು, ಜಾಸ್ತಿ ನಡೆಯೋಕಾಗಲ್ಲ. ಗೊತ್ತಿರೋರು ದಯವಿಟ್ಟು ತಿಳಿಸಿ.

— ಮೊದಲು ಇ-ವೀಸಾ. ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಅರ್ಜಿ ತಿರಸ್ಕಾರವಾದ್ರೂ ದುಡ್ಡು ವಾಪಸ್ ಇಲ್ಲ. ನಮ್ಮ ಕಡೆಯವರಿಗೆ ಎಡವಟ್ಟಾಗೋದು ಹೆಸರಲ್ಲಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇರುತ್ತೆ, ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರನ್ನೂ ಸೇರಿಸಿಬಿಡ್ತಾರೆ. ಪಾಸ್‌ಪೋರ್ಟಿನಲ್ಲಿ ಇದ್ದಷ್ಟೇ ತುಂಬಿ. ವ್ಯತ್ಯಾಸ ಇದ್ರೆ ಇಲ್ಲಿನ ಚೆಕ್-ಇನ್ ಕೌಂಟರಿನಲ್ಲೇ ತಡೆಯಬಹುದು. ಜನವರಿ ಕೊನೆ ಅಂದ್ರೆ ಟೆಟ್ ಹೊಸವರ್ಷದ ದಿನಾಂಕ ನೋಡ್ಕೊಳ್ಳಿ. ಆಗ ಅಂಗಡಿ, ಹೋಟೆಲು ಬಹುಪಾಲು ಬಾಗಿಲು ಹಾಕಿರುತ್ತೆ.

— ನೋಟು ಹುಷಾರು. ಅಲ್ಲಿನ ಹಣ ಡಾಂಗ್. 20,000 ಡಾಂಗ್, 5,00,000 ಡಾಂಗ್ ಎರಡೂ ನೀಲಿ, ಎರಡೂ ಪ್ಲಾಸ್ಟಿಕ್. ಕತ್ತಲಲ್ಲಿ ಟ್ಯಾಕ್ಸಿಗೆ ಕೊಡುವಾಗ ಒಂದರ ಬದಲು ಇನ್ನೊಂದು ಹೋದ್ರೆ 25 ಪಟ್ಟು ನಷ್ಟ. ದೊಡ್ಡ ನೋಟು ಬೇರೆ ಜೇಬಲ್ಲಿಡಿ.

— ಊಟದ ವಿಷಯ. 'ಮಾಂಸ ಬೇಡ' ಅಂದ್ರೆ ಸಾಲದು, ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತೆ. ಫೋ ನೂಡಲ್ಸಿನ ಸಾರು ಸಾಮಾನ್ಯವಾಗಿ ದನದ ಮೂಳೆ ಕುದಿಸಿದ್ದು. ಮೇಲಿನ ಮಾಂಸದ ತುಂಡು ತೆಗೆಸಿದ್ರೂ ಸಸ್ಯಾಹಾರ ಆಗಲ್ಲ. 'ಅನ್ ಚಯ್' ಅನ್ನಿ, ಅಂದ್ರೆ ಬೌದ್ಧರ ಸಸ್ಯಾಹಾರ. ಬೋರ್ಡಲ್ಲಿ 'ಚಯ್' ಇರೋ ಹೋಟೆಲು ಹುಡುಕಿ. ಹುಣ್ಣಿಮೆ ಮತ್ತು ಚಾಂದ್ರಮಾಸದ ಮೊದಲ ದಿನ ಅಲ್ಲಿನವರೂ ಎಷ್ಟೋ ಜನ ಮಾಂಸ ಮುಟ್ಟಲ್ಲ. ಒಂದೇ ಮಾತು, ತಟ್ಟೆಯಲ್ಲಿ ಕೋಳಿ ತುಂಡಿನ ಹಾಗೆ ಕಾಣೋದು ಸೋಯಾ ಆಗಿರುತ್ತೆ. ಅಮ್ಮನಿಗೆ ಮೊದಲೇ ಹೇಳಿಡಿ.

— ನೋಡೋದಕ್ಕೆ: 1911ರ ಒಪೇರಾ ಹೌಸ್ ಹೊರಗಿಂದ ಸಾಕು. 1886ರ ಸೇಂಟ್ ಜೋಸೆಫ್ ಚರ್ಚ್, 1896ರ ಹೊವಾ ಲೊ ಜೈಲು ಹತ್ತಿರ ಹತ್ತಿರ, ಒಂದೇ ಬೆಳಗ್ಗೆ ಮುಗಿಯುತ್ತೆ. ಹೋ ಚಿ ಮಿನ್ ಸಮಾಧಿ ಬೆಳಗ್ಗೆ ಮಾತ್ರ, ಸೋಮವಾರ ಮತ್ತು ಶುಕ್ರವಾರ ರಜಾ. ಭುಜ, ಮಂಡಿ ಮುಚ್ಚೋ ಬಟ್ಟೆ ಕಡ್ಡಾಯ. ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ ಹೊವಾನ್ ಕಿಯೆಮ್ ಕೆರೆ ಸುತ್ತ ವಾಹನ ಬಿಡಲ್ಲ, ಕ್ಯಾಬ್ ನಿಮ್ಮ ಬಾಗಿಲಿಗೆ ಬರಲ್ಲ. ಕಾಲುನೋವಿನವರಿದ್ರೆ ಕೆರೆದಂಡೆಯ ರೂಮು ಹಿಡೀಬೇಡಿ. ಸ್ವೆಟರ್ ಬೇಕೇಬೇಕು, ಚಳಿ ಜೊತೆ ತುಂತುರು ಇರುತ್ತೆ.

— ಲಾಂಗ್ ಬಿಯೆನ್ ಸೇತುವೆ ಬಿಟ್ಟೇಬಿಟ್ರಲ್ಲ! 1902ರದ್ದು. ಐಫೆಲ್ ಟವರ್ ಖ್ಯಾತಿಯ ಐಫೆಲ್ ಕಟ್ಟಿದ್ದು ಅಂತ ಗೈಡುಗಳು ಹೇಳೋದನ್ನ ನಂಬಬೇಡಿ, ಕಟ್ಟಿದ್ದು ಡೇಡೆ ಮತ್ತು ಪಿಲ್ಲೆ ಅನ್ನೋ ಫ್ರೆಂಚ್ ಕಂಪನಿ. ಕಮಾನುಗಳು ಅರ್ಧಕ್ಕೇ ನಿಂತುಹೋಗಿರೋದು ಅಮೆರಿಕದ ಬಾಂಬಿನಿಂದ. ಮಧ್ಯೆ ರೈಲು, ಪಕ್ಕಗಳಲ್ಲಿ ಬೈಕು. ದೇಶವೆಲ್ಲ ಬಲಗಡೆ ಓಡಿಸಿದ್ರೂ ಇಲ್ಲಿ ಮಾತ್ರ ನಮ್ಮ ಹಾಗೆ ಎಡಗಡೆ. ನಡೆಯೋ ದಾರಿ ಕಿರಿದು, ಕಾಂಕ್ರೀಟ್ ಹಲಗೆಗಳ ಸಂದಿಯಲ್ಲಿ ನದಿ ಕಾಣುತ್ತೆ. ಹಿರಿಯರನ್ನ ಪೂರ್ತಿ ದಾಟಿಸಬೇಡಿ, ಹಳೇ ಪೇಟೆ ಕಡೆಯ ತುದಿಯಿಂದ ನೂರು ಹೆಜ್ಜೆ ಹೋಗಿ ವಾಪಸ್ ಕರ್ಕೊಂಡು ಬನ್ನಿ.