ಟೆಸ್ಟರಿನ ಶಾಕ್: ‘ಜುಮ್ ಅನ್ನು’, ‘ಹೊಡೆ’, ‘ಹಿಡಿದುಕೊ’ – ಯಾವುದು ಎಲ್ಲಿ?

ಪ್ರಶ್ನೆ: ಐಟಿಐ ವಿದ್ಯಾರ್ಥಿಗಳ ಕೈಪಿಡಿಯೊಂದರ ಕರಡಿನಲ್ಲಿ ಈ ವಾಕ್ಯವಿದೆ: ‘ದೋಷಯುಕ್ತ ವಿದ್ಯುತ್ ಪರೀಕ್ಷಕದಿಂದ ವಿದ್ಯುದಾಘಾತ ಸಂಭವಿಸಬಹುದು.’ ಇದನ್ನು ಆಡುಮಾತಿಗೆ ಹತ್ತಿರ ತರಬೇಕು. ‘ಶಾಕ್ ಹೊಡೆಯುತ್ತದೆ’ ಎಂದರೆ ಸಾಕೆ? ‘ಜುಮ್ ಅನ್ನುವುದು’, ‘ಕರೆಂಟು ಹಿಡಿದುಕೊಳ್ಳುವುದು’ ಎಂಬುವೂ ಇದೇ ಅರ್ಥದವೆ?

ಉತ್ತರ: ಮೊದಲು ‘ಪರೀಕ್ಷಕ’ವನ್ನು ಕೈಬಿಡಿ. ಪರೀಕ್ಷಕ ಎಂದೊಡನೆ ಮನುಷ್ಯ ನೆನಪಾಗುತ್ತಾನೆ; ವಿದ್ಯುತ್ ಪರಿವೀಕ್ಷಕರೆಂಬ ಅಧಿಕಾರಿಗಳು ಬೇರೆ ಇದ್ದಾರೆ. ಕರೆಂಟಿದೆಯೇ ಎಂದು ದೀಪ ಉರಿಸಿ ತೋರಿಸುವ, ಸ್ಕ್ರೂಡ್ರೈವರಿನಂಥ ಈ ಸಾಧನಕ್ಕೆ ಕೆಲಸದವರೆಲ್ಲರ ಬಾಯಲ್ಲಿರುವುದು ಟೆಸ್ಟರ್. ಮಲ್ಟಿಮೀಟರಿಗೂ ಕೆಲವರು ಹಾಗೆ ಅನ್ನುವುದರಿಂದ ಮೊದಲ ಸಲ ‘ನಿಯಾನ್ ದೀಪದ ಟೆಸ್ಟರ್’ ಎಂದು ಬರೆದು, ಆಮೇಲೆ ಬರೀ ಟೆಸ್ಟರ್ ಎನ್ನಿ.

ಇನ್ನು ಆ ಮೂರು ಮಾತುಗಳು. ಅವು ಒಂದೇ ಅಲ್ಲ, ಮತ್ತು ಈ ವಾಕ್ಯದ ಜೀವವಿರುವುದೇ ಆ ವ್ಯತ್ಯಾಸದಲ್ಲಿ. ಟೆಸ್ಟರಿನಲ್ಲಿ ತಂತಿಗೆ ತಾಗಿಸುವ ಅಲಗು, ರೋಧಕ (ಕರೆಂಟನ್ನು ತಡೆದು ತಗ್ಗಿಸುವ ಭಾಗ), ನಿಯಾನ್ ದೀಪ, ಸ್ಪ್ರಿಂಗ್, ಬೆರಳಿಡುವ ತುದಿಯ ಲೋಹದ ಟೋಪಿ ಒಂದರ ಹಿಂದೊಂದು ಕೂತಿರುತ್ತವೆ. ರೋಧಕ ಸಾಮಾನ್ಯವಾಗಿ 1 ಮೆಗಾಓಮ್‌ನ ಆಸುಪಾಸಿನದು. 230 ವೋಲ್ಟಿನಲ್ಲಿ ದೀಪ ಸುಮಾರು 60 ವೋಲ್ಟ್ ತಿಂದರೆ, ಬೆರಳಿನಿಂದ ಮೈಗೆ ಹರಿಯುವುದು 0.17 ಮಿಲಿಆಂಪಿಯರ್. ಸುಮಾರು ಅರ್ಧ ಮಿಲಿಆಂಪಿಯರ್ ತನಕ ಮೈಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಸರಿಯಿರುವ ಟೆಸ್ಟರ್ ಜುಮ್ ಕೂಡ ಅನ್ನಬಾರದು. ‘ಜುಮ್ ಅಂದಿತು, ಶಾಕೇನೂ ಹೊಡೆಯಲಿಲ್ಲ’ ಎಂದು ಹುಡುಗರು ಹಗುರಾಗಿ ಹೇಳುವ ಮಾತಿದೆಯಲ್ಲ, ಟೆಸ್ಟರಿನ ಮಟ್ಟಿಗೆ ಅದೇ ಕೆಟ್ಟ ಸೂಚನೆ: ರೋಧಕ ಕೆಟ್ಟಿದೆ, ಇಲ್ಲವೇ ಹಿಡಿಯೊಳಗೆ ತೇವ ಸೇರಿ ರೋಧಕದೊಳಗೆ ಹಾಯದೆ ಪಕ್ಕದಿಂದಲೇ ಕರೆಂಟು ಬರುತ್ತಿದೆ.

‘ಶಾಕ್ ಹೊಡೆಯಿತು’ ಎನ್ನುವುದು ಕೈ ತಟ್ಟನೆ ಹಿಂದಕ್ಕೆ ಬರುವಷ್ಟು ಬಲವಾದ ಪೆಟ್ಟಿಗೆ. ಅಲಗಿನ ಮೇಲಿನ ಪ್ಲಾಸ್ಟಿಕ್ ತೋಳು ಸೀಳಿದ್ದು, ಬೆರಳು ಅಲ್ಲಿಗೆ ಜಾರಿದರೆ ರೋಧಕದ ರಕ್ಷಣೆಯೇ ಇಲ್ಲ; ನೇರ ಫೇಸನ್ನು, ಅಂದರೆ ಕರೆಂಟಿರುವ ತಂತಿಯನ್ನು, ಮುಟ್ಟಿದಂತೆ. ಬಿಚ್ಚಿದ ಟೆಸ್ಟರನ್ನು ಜೋಡಿಸುವಾಗ ರೋಧಕ ಬಿದ್ದುಹೋಗಿ, ಅದರ ಜಾಗಕ್ಕೆ ತಂತಿ ಚೂರು ತುರುಕಿದಾಗಲೂ ಇದೇ ಗತಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವರ ಮೈಯ ರೋಧ 2000 ಓಮ್ ಎಂದು ಹಿಡಿದರೂ 80 ಮಿಲಿಆಂಪಿಯರ್ ದಾಟಬಹುದು. ಕರೆಂಟು ಸೋರಿದರೆ ತಾನೇ ಕಡಿದುಹಾಕುವ ಮನೆಯ ಆರ್‌ಸಿಸಿಬಿ ಸ್ವಿಚ್ಚು ಸಾಮಾನ್ಯವಾಗಿ 30 ಮಿಲಿಆಂಪಿಯರಿಗೇ ಬೀಳುವಂತೆ ಇರುವುದನ್ನು ನೆನೆಯಿರಿ.

‘ಹಿಡಿದುಕೊಂಡಿತು’ ಬೇರೆಯೇ ಸ್ಥಿತಿ. ಸುಮಾರು 10 ಮಿಲಿಆಂಪಿಯರ್ ಮೀರಿದರೆ ಸ್ನಾಯುಗಳು ಬಿಗಿದು, ಹಿಡಿದದ್ದನ್ನು ಬಿಡಲಾಗುವುದಿಲ್ಲ. ಬೆರಳು ಮಡಿಸುವ ಸ್ನಾಯುಗಳು ಬಿಚ್ಚುವವಕ್ಕಿಂತ ಬಲವಾದವು, ಅದಕ್ಕೇ ಕರೆಂಟೇ ಎಳೆದುಕೊಂಡಂತೆ ಅನ್ನಿಸುತ್ತದೆ. ವ್ಯಾಕರಣವೂ ಇದನ್ನು ಬಲ್ಲದು: ‘ಅವನಿಗೆ ಹೊಡೆಯಿತು’, ಆದರೆ ‘ಅವನನ್ನು ಹಿಡಿದುಕೊಂಡಿತು’.

‘ವಿದ್ಯುದಾಘಾತ’ ಈ ಮೂರನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಪತ್ರಿಕೆಯ ‘ವಿದ್ಯುತ್ ಪ್ರವಹಿಸಿ ಸಾವು’, ‘ವಿದ್ಯುತ್ ತಗುಲಿ’ ಎಂಬುವು ಆದ ಮೇಲಿನ ವರದಿಗೆ ಸರಿ, ಮುನ್ನೆಚ್ಚರಿಕೆಗೆ ಅಲ್ಲ. ನನ್ನ ಸಲಹೆ:

‘ಟೆಸ್ಟರ್ ಮುಟ್ಟಿದಾಗ ಬೆರಳು ಜುಮ್ ಅಂದರೂ ಅದನ್ನು ಮತ್ತೆ ಬಳಸಬೇಡಿ. ತೋಳು ಸೀಳಿದ, ಒದ್ದೆಯಾದ, ಬಿಚ್ಚಿ ತಪ್ಪಾಗಿ ಜೋಡಿಸಿದ ಟೆಸ್ಟರಿನಿಂದ ಶಾಕ್ ಹೊಡೆಯಬಹುದು. ಕರೆಂಟು ಹಿಡಿದುಕೊಂಡು ಪ್ರಾಣವೂ ಹೋಗಬಹುದು.’

ಇನ್ನೊಬ್ಬರ ಸೇರ್ಪಡೆ: ‘ಟೆಸ್ಟರ್ ಉರಿಯಲಿಲ್ಲ’ ಎಂಬುದನ್ನು ‘ಕರೆಂಟಿಲ್ಲ’ ಎಂಬ ಅರ್ಥದಲ್ಲಿ ಕೈಪಿಡಿಯ ಎಲ್ಲೂ ಬಳಸಬೇಡಿ. ರೋಧಕ ತುಂಡಾಗಿದ್ದರೂ, ಒಣ ಮರದ ಏಣಿಯ ಮೇಲಿದ್ದರೂ, ಬಿಸಿಲಿನಲ್ಲಿ ಮಂದ ಬೆಳಕು ಕಾಣದಿದ್ದರೂ ಉರಿಯದು. ಗೊತ್ತಿರುವ ಫೇಸಿನಲ್ಲಿ ಮೊದಲೊಮ್ಮೆ, ಕೊನೆಗೊಮ್ಮೆ ಹಚ್ಚಿ ನೋಡಬೇಕು. ರೋಧಕವನ್ನು ಹೊರತೆಗೆದು ಮಲ್ಟಿಮೀಟರಿನಲ್ಲಿ ಅಳೆಯಲೂಬಹುದು. 1 ಮೆಗಾಓಮ್‌ನದಾದರೆ ಅದರ ಮೈಮೇಲಿನ ಬಣ್ಣದ ಪಟ್ಟಿಗಳು ಕಂದು, ಕಪ್ಪು, ಹಸಿರು. ಕೆಲವೇ ಕಿಲೋಓಮ್ ತೋರಿಸಿದರೆ ಇಡೀ ಟೆಸ್ಟರನ್ನೇ ಬಿಸಾಡಬೇಕು, ರಿಪೇರಿ ಬೇಡ.