ಗಡ್ಡೆ ಪೂರ್ತಿ ತೆಗೆದ ಮೇಲೂ ಕೀಮೋ ಯಾಕೆ?

ಪ್ರಶ್ನೆ: ಮೇಡಂ ನಮಸ್ತೆ. ನಮ್ಮ ಅಕ್ಕನಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಚೆನ್ನಾಗಿ ಆಯಿತು. ಗಡ್ಡೆ ಪೂರ್ತಿ ಬಂದಿದೆ, ಅಂಚಿನಲ್ಲೂ ಏನೂ ಇಲ್ಲ ಅಂತ ರಿಪೋರ್ಟ್ ಬಂತು. ಸದ್ಯ ಮುಗೀತಲ್ಲ ಅಂದುಕೊಂಡೆವು. ಈಗ ನೋಡಿದರೆ ಕೀಮೋ ಬೇಕು ಅಂತಿದ್ದಾರೆ. ಎಲ್ಲಾ ತೆಗೆದ ಮೇಲೆ ಕೀಮೋ ಯಾತಕ್ಕೆ? ಅಕ್ಕ ಬೇಡವೇ ಬೇಡ ಅಂತ ಹಠ ಹಿಡಿದಿದ್ದಾಳೆ.

ಉತ್ತರ (ಕ್ಯಾನ್ಸರ್ ವೈದ್ಯೆ): ನಿಮ್ಮ ಅಕ್ಕ ಕೇಳ್ತಿರೋದು ನ್ಯಾಯವಾಗಿದೆ. ಹಠ ಅನ್ನಬೇಡಿ. ಇದಕ್ಕೆ ಉತ್ತರ ಒಂದು ಲೆಕ್ಕದಲ್ಲಿದೆ.

ಕ್ಯಾನ್ಸರ್ ಶುರುವಾಗುವುದು ಒಂದೇ ಒಂದು ಜೀವಕೋಶದಿಂದ. ಅದು ಎರಡಾಗುತ್ತದೆ, ಎರಡು ನಾಲ್ಕು, ನಾಲ್ಕು ಎಂಟು. ಹೀಗೆ 30 ಸಲ ದುಪ್ಪಟ್ಟಾದರೆ ಸುಮಾರು 100 ಕೋಟಿ ಕೋಶಗಳು. ಅಷ್ಟೆಲ್ಲ ಸೇರಿದರೂ ತೂಕ ಹೆಚ್ಚುಕಮ್ಮಿ 1 ಗ್ರಾಂ, ಅಗಲ 1 ಸೆಂ.ಮೀ. ಕೈಗೆ ಗಂಟು ಸಿಗುವುದೇ ಸಾಮಾನ್ಯವಾಗಿ ಆಮೇಲೆ. ಇನ್ನೂ 10 ಸಲ ದುಪ್ಪಟ್ಟಾದರೆ 1 ಕೆ.ಜಿ. ಅಂದರೆ ನಮಗೆ "ಈಗ ತಾನೇ ಬಂತು" ಅನ್ನಿಸುವ ಗಡ್ಡೆ ಒಳಗೆ ಬಹಳ ಕಾಲದಿಂದ ಬೆಳೆಯುತ್ತಲೇ ಇತ್ತು.

ಅಷ್ಟು ಕಾಲದಲ್ಲಿ ಕೆಲವು ಕೋಶಗಳು ಗಡ್ಡೆಯಿಂದ ಕಳಚಿಕೊಂಡು ರಕ್ತಕ್ಕೋ ಕಂಕುಳಿನ ಲಿಂಫ್ ಗ್ರಂಥಿಗೋ ಹೋಗಿರಬಹುದು. ಹೋದವುಗಳಲ್ಲಿ ಬಹುಪಾಲು ದಾರಿಯಲ್ಲೇ ಸಾಯುತ್ತವೆ. ಅಪ್ಪಿತಪ್ಪಿ ಉಳಿದವು ಮೂಳೆ, ಲಿವರ್, ಶ್ವಾಸಕೋಶದಲ್ಲಿ ಸದ್ದಿಲ್ಲದೆ ಕೂತಿರುತ್ತವೆ. ಒಂದು ಕಡೆ ಒಂದು ಲಕ್ಷ ಕೋಶಗಳಿದ್ದರೂ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಸರ್ಜನ್ ತೆಗೆದಿರುವುದು ಕಂಡಿದ್ದನ್ನು. ಕೀಮೋ ಕಾಣದೆ ಇರಬಹುದಾದದ್ದಕ್ಕೆ.

"ಇರಬಹುದಾದದ್ದು" ಅಂತ ಬೇಕಂತಲೇ ಬರೆದಿದ್ದೇನೆ. ಎಲ್ಲರಲ್ಲೂ ಉಳಿದಿರುವುದಿಲ್ಲ. ಗಡ್ಡೆಯ ಗಾತ್ರ, ಗ್ರೇಡ್ (ಕೋಶಗಳು ಮಾಮೂಲಿ ಕೋಶಗಳಿಗಿಂತ ಎಷ್ಟು ಬೇರೆಯಾಗಿ ಕಾಣುತ್ತವೆ), ಎಷ್ಟು ಲಿಂಫ್ ಗ್ರಂಥಿಗೆ ಹೋಗಿದೆ, ಹಾರ್ಮೋನ್ ರಿಸೆಪ್ಟರ್ (ಹಾರ್ಮೋನ್ ಬಂದು ಅಂಟಿಕೊಳ್ಳುವ ಜಾಗ) ಇದೆಯಾ, ಹರ್-2 ಅನ್ನುವ, ಕೋಶವನ್ನು ಬೆಳೆಸುವ ಪ್ರೋಟೀನ್ ಜಾಸ್ತಿ ಇದೆಯಾ ಅಂತ ನೋಡಿ ಅಪಾಯ ಅಂದಾಜು ಮಾಡುತ್ತೇವೆ. ಹಾರ್ಮೋನ್ ರಿಸೆಪ್ಟರ್ ಇದ್ದು, ಹರ್-2 ಇಲ್ಲದೆ, ಗ್ರಂಥಿಗೂ ಹರಡದ ಎಷ್ಟೋ ಜನರಿಗೆ ಗಡ್ಡೆಯ ಜೀನ್ ಪರೀಕ್ಷೆ ಮಾಡಿ ಕೀಮೋ ಬಿಡಬಹುದು. ಆಮೇಲೆ ಹಾರ್ಮೋನ್ ತಡೆಯುವ ಮಾತ್ರೆ ಸಾಕು. ಆದ್ದರಿಂದ ಅಕ್ಕನನ್ನೇ ಕರೆದುಕೊಂಡು ಹೋಗಿ, "ಕೀಮೋ ತಗೊಂಡರೆ ನನಗೆ ಎಷ್ಟು ಲಾಭ, ತಗೊಳ್ಳದಿದ್ದರೆ ಎಷ್ಟು ಅಪಾಯ?" ಅಂತ ನೇರವಾಗಿ ಕೇಳಿಸಿ. ಅಂಕಿ ಸಮೇತ ಹೇಳಲು ಬರುತ್ತದೆ. ಹೇಳಬೇಕು ಕೂಡ.

ಮರುಪ್ರಶ್ನೆ: ಈಗ ಅರ್ಥ ಆಯ್ತು ಮೇಡಂ. ಆದರೆ ಮೂರು ವಾರಕ್ಕೊಂದರಂತೆ ತಿಂಗಳುಗಟ್ಟಲೆ ಯಾಕೆ? ಒಂದೇ ಸಲ ಜೋರಾಗಿ ಕೊಟ್ಟು ಮುಗಿಸಬಾರದಾ? ಅವಳಿಗೆ ಕೂದಲಿನದ್ದೇ ಚಿಂತೆ.

ಉತ್ತರ: ಹೆಚ್ಚಿನ ಕೀಮೋ ಔಷಧಿಗಳು ಹೊಡೆಯುವುದು ವಿಭಜನೆ ಆಗ್ತಿರೋ ಕೋಶಗಳನ್ನು. ಅದು ಕ್ಯಾನ್ಸರ್ ಕೋಶವೋ ಒಳ್ಳೆಯ ಕೋಶವೋ ಅಂತ ಔಷಧಿ ನೋಡುವುದಿಲ್ಲ. ಕೂದಲಿನ ಬುಡ, ಬಾಯಿಯ ಒಳಪದರ, ಕರುಳಿನ ಒಳಪದರ, ಮೂಳೆಯೊಳಗಿನ ಮಜ್ಜೆ ಇವೆಲ್ಲ ಸದಾ ಹೊಸ ಕೋಶ ಹುಟ್ಟಿಸುವ ಜಾಗಗಳು. ಕೂದಲು ಉದುರುವುದು, ಬಾಯಿಹುಣ್ಣು, ಭೇದಿ, ಸುಸ್ತು ಎಲ್ಲ ಅದಕ್ಕೇ.

ಇದರಲ್ಲಿ ರಕ್ತಕಣ ಹುಟ್ಟಿಸುವ ಮಜ್ಜೆಯೇ ಮುಖ್ಯ. ಕೀಮೋ ಆದ 7ರಿಂದ 14 ದಿನದೊಳಗೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ತೀರಾ ಕೆಳಗಿಳಿಯುತ್ತದೆ. ಮೂರನೇ ವಾರಕ್ಕೆ ಮತ್ತೆ ಮೇಲೆ ಬರುತ್ತದೆ. ಸಾಮಾನ್ಯವಾಗಿ ಕಾಣುವ 21 ದಿನದ ಲೆಕ್ಕ ಇದೇ. ಅಷ್ಟೂ ಔಷಧಿ ಒಂದೇ ಸಲ ಕೊಟ್ಟರೆ ರೋಗಿಯೇ ತಡೆದುಕೊಳ್ಳುವುದಿಲ್ಲ.

ಇನ್ನೊಂದು ವಿಷಯ. ಕೀಮೋ ಪ್ರತಿ ಸಲ ಇದ್ದದ್ದರಲ್ಲಿ ಒಂದು ಪಾಲನ್ನು ಕೊಲ್ಲುತ್ತದೆ. ಉದಾಹರಣೆಗೆ ಸಲಕ್ಕೆ ನೂರಕ್ಕೆ 99 ಸತ್ತವು ಅಂತ ಇಟ್ಟುಕೊಳ್ಳಿ. 100 ಕೋಟಿ ಇದ್ದದ್ದು 1 ಕೋಟಿ ಆಗುತ್ತದೆ, ಆಮೇಲೆ 1 ಲಕ್ಷ, ಆಮೇಲೆ 1 ಸಾವಿರ. ನಡುವೆ ಉಳಿದವು ಮತ್ತೆ ಒಂದಿಷ್ಟು ಬೆಳೆಯುತ್ತವೆ. ಅದಕ್ಕೇ ಮತ್ತೆ ಮತ್ತೆ ಕೊಡಬೇಕು. ಆರಾಮಾಗಿದ್ದೀನಿ ಅಂತ ಮಧ್ಯದಲ್ಲೇ ಬಿಟ್ಟುಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರು.

ಕೂದಲು ಮತ್ತೆ ಬರುತ್ತದೆ. ಎಲ್ಲ ಔಷಧಿಗೂ ಉದುರುವುದೂ ಇಲ್ಲ. ಅವರಿಗೆ ಕೊಡುವ ಔಷಧಿಗೆ ಉದುರುತ್ತಾ ಅಂತ ಮೊದಲೇ ಕೇಳಿಕೊಳ್ಳಿ.

ಇನ್ನೊಬ್ಬರ ಪ್ರಶ್ನೆ: ನಮ್ಮ ತಾತ ಸಾಯೋವರೆಗೂ ಬೀಡಿ ಸೇದಿದರು, ಏನೂ ಆಗಲಿಲ್ಲ. ಯಾವ ಚಟವೂ ಇಲ್ಲದ ಅಮ್ಮನಿಗೆ ಕ್ಯಾನ್ಸರ್ ಬಂತು. ಇದೆಂಥಾ ನ್ಯಾಯ?

ಉತ್ತರ: ನ್ಯಾಯ ಏನೂ ಇಲ್ಲ ಬಿಡಿ. ಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎ ಪೂರ್ತಿ ನಕಲು ಮಾಡಬೇಕು. ಸುಮಾರು 600 ಕೋಟಿ ಅಕ್ಷರ. ತಪ್ಪಾಗುತ್ತದೆ. ಬಹುತೇಕ ತಪ್ಪನ್ನು ಕೋಶವೇ ತಿದ್ದಿಕೊಳ್ಳುತ್ತದೆ, ಉಳಿದದ್ದರಲ್ಲಿ ಹೆಚ್ಚಿನವು ಏನೂ ತೊಂದರೆ ಮಾಡುವುದಿಲ್ಲ. ಆದರೆ "ಬೆಳೆ" ಅನ್ನುವ ಜೀನ್ ಬಿಡದೆ ಕೆಲಸ ಮಾಡತೊಡಗಿದರೆ, "ನಿಲ್ಲು" ಅನ್ನುವ ಜೀನ್ ಕೆಟ್ಟರೆ ಕಷ್ಟ. ಪಿ53 ಅಂತ ಒಂದು ಜೀನ್ ಇದೆ. ಡಿಎನ್‌ಎ ಹಾಳಾದ ಕೋಶವನ್ನು ತಡೆದು ನಿಲ್ಲಿಸುವುದು, ತಿದ್ದಲಾಗದಿದ್ದರೆ ಅದನ್ನು ಸಾಯಿಸುವುದು ಅದರ ಕೆಲಸ. ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಜೀನೇ ಕೆಟ್ಟಿರುತ್ತದೆ.

ಸಾಮಾನ್ಯವಾಗಿ ಒಂದು ತಪ್ಪು ಸಾಲದು. ಒಂದೇ ಕೋಶದಲ್ಲಿ ಹಲವು ಸೇರಬೇಕು, ಅದಕ್ಕೆ ವರ್ಷಗಳು ಬೇಕು. ವಯಸ್ಸಾದಂತೆ ಕ್ಯಾನ್ಸರ್ ಜಾಸ್ತಿ ಆಗುವುದು ಅದಕ್ಕೇ. ಮಕ್ಕಳ ಕಣ್ಣಿನ ಒಂದು ಕ್ಯಾನ್ಸರ್ ನೋಡಿ 1971ರಲ್ಲಿ ಅಮೆರಿಕದ ವೈದ್ಯ ಆಲ್ಫ್ರೆಡ್ ನುಡ್ಸನ್ ಇದನ್ನು ಚೆನ್ನಾಗಿ ತೋರಿಸಿದರು. ಒಂದು ತಪ್ಪನ್ನು ಹುಟ್ಟುವಾಗಲೇ ತಂದ ಮಕ್ಕಳಿಗೆ ಇನ್ನೊಂದು ಆದರೆ ಸಾಕು. ಅವರಿಗೆ ಬೇಗ ಬರುತ್ತದೆ, ಎಷ್ಟೋ ಸಲ ಎರಡೂ ಕಣ್ಣಿಗೆ. ಉಳಿದ ಮಕ್ಕಳಲ್ಲಿ ಒಂದೇ ಕೋಶದಲ್ಲಿ ಎರಡೂ ಆಗಬೇಕು, ಹಾಗಾಗಿ ತಡ, ಅದೂ ಒಂದೇ ಕಣ್ಣು.

ತಂಬಾಕು ಮಾಡುವುದು ತಪ್ಪುಗಳನ್ನು ಹೆಚ್ಚಿಸುವ ಕೆಲಸ. ನಿಮ್ಮ ತಾತ ಬಚಾವಾದರು ಅಷ್ಟೇ, ಅವರಂತೆ ಸೇದಿ ಹೋದವರು ಕತೆ ಹೇಳಲು ಉಳಿದಿಲ್ಲ. ಅಮ್ಮನ ವಿಷಯದಲ್ಲಿ ಅದು ಬರೀ ನಕಲಿನ ತಪ್ಪೇ ಇರಬಹುದು. ಪೂರ್ತಿ ವಂಶದಿಂದ ಬರುವುದು ನೂರಕ್ಕೆ 5ರಿಂದ 10 ಮಾತ್ರ. ಅವರು ಏನು ಮಾಡಿದ್ದಕ್ಕೆ ಬಂತು ಅಂತ ಹುಡುಕಿ ಅವರನ್ನು ನೋಯಿಸಬೇಡಿ.

ಪ್ರಶ್ನೆ: ಬಯಾಪ್ಸಿಗೆ (ಗಡ್ಡೆಯ ಚೂರು ತೆಗೆದು ಪರೀಕ್ಷಿಸಲು) ಸೂಜಿ ಚುಚ್ಚಿದರೆ ಹರಡುತ್ತೆ, ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಉಪವಾಸ ಬಿದ್ದು ಸಾಯುತ್ತೆ ಅಂತಾರೆ. ನಿಜವಾ?

ಉತ್ತರ: ಸಾಮಾನ್ಯವಾಗಿ ಬಯಾಪ್ಸಿ ಇಲ್ಲದೆ ಯಾವ ಕ್ಯಾನ್ಸರ್ ಅಂತಲೇ ಗೊತ್ತಾಗುವುದಿಲ್ಲ, ಚಿಕಿತ್ಸೆ ಎಲ್ಲಿಂದ ಶುರು ಮಾಡೋದು? ವೃಷಣದಂಥ ಕೆಲವೇ ಕಡೆ ಸೂಜಿ ಹಾಕುವುದಿಲ್ಲ, ಅದು ವೈದ್ಯರಿಗೆ ಗೊತ್ತಿರುತ್ತದೆ. ಉಳಿದ ಕಡೆ ಈ ಭಯದಿಂದ ತಿಂಗಳುಗಟ್ಟಲೆ ತಡ ಮಾಡುವುದೇ ನಿಜವಾದ ಅಪಾಯ.

ಸಕ್ಕರೆ ಮಾತು ಪೂರ್ತಿ ಗಾಳಿಸುದ್ದಿಯೂ ಅಲ್ಲ. ಎಷ್ಟೋ ಕ್ಯಾನ್ಸರ್ ಕೋಶಗಳು ಗ್ಲೂಕೋಸ್ ಜಾಸ್ತಿ ಎಳೆದುಕೊಳ್ಳುತ್ತವೆ. ದೇಹದಲ್ಲಿ ಗ್ಲೂಕೋಸ್ ಎಲ್ಲಿ ಜಾಸ್ತಿ ಸೇರುತ್ತದೆ ಅಂತ ತೋರಿಸುವ ಪೆಟ್ ಸ್ಕ್ಯಾನ್ ನಡೆಯುವುದೇ ಆ ಗುಣದ ಮೇಲೆ. ಆದರೆ ನೀವು ತಿನ್ನದಿದ್ದರೂ ದೇಹ ತಾನೇ ಗ್ಲೂಕೋಸ್ ತಯಾರಿಸಿಕೊಳ್ಳುತ್ತದೆ. ಊಟ ಬಿಟ್ಟರೆ ಕರಗುವುದು ರೋಗಿಯ ಮಾಂಸಖಂಡ. ಶುಗರ್ ಕಾಯಿಲೆ ಇದ್ದರೆ ಮಾತ್ರ ಅದರ ಪಥ್ಯ ಮುಂದುವರಿಸಿ.

ಪ್ರಶ್ನೆ: ಕೀಮೋ ಬದಲು ಮಾತ್ರೆ, ಇಮ್ಯುನೋಥೆರಪಿ ಬಂದಿದೆಯಲ್ಲ?

ಉತ್ತರ: ಬಂದಿದೆ, ಆದರೆ ಆ ಔಷಧಿ ಹೊಡೆಯಬಲ್ಲ ಗುರಿ ತಮ್ಮ ಕ್ಯಾನ್ಸರ್ ಒಳಗೆ ಇದ್ದವರಿಗೆ. ರಕ್ತದ ಸಿಎಂಎಲ್ ಕ್ಯಾನ್ಸರ್‌ನಲ್ಲಿ ಡಿಎನ್‌ಎ ಕಟ್ಟುಗಳಾದ 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡು ಅದಲುಬದಲಾಗಿ, ಬಿಡದೆ "ಬೆಳೆ" ಅನ್ನುವ ಪ್ರೋಟೀನ್ ಹುಟ್ಟುತ್ತದೆ. 2001ರಲ್ಲಿ ಬಂದ ಇಮ್ಯಾಟಿನಿಬ್ ಮಾತ್ರೆ ಅದನ್ನೇ ತಡೆಯುತ್ತದೆ. ಸ್ತನ ಕ್ಯಾನ್ಸರ್‌ನಲ್ಲಿ ಹರ್-2 ಇದ್ದರೆ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಇದೆ, ಹೆಚ್ಚಾಗಿ ಕೀಮೋ ಜೊತೆಗೇ. ಇಮ್ಯುನೋಥೆರಪಿ, ಕ್ಯಾನ್ಸರ್ ಸುಮ್ಮನಾಗಿಸಿದ್ದ ನಮ್ಮದೇ ರಕ್ಷಣಾ ಕೋಶಗಳನ್ನು ಮತ್ತೆ ಎಬ್ಬಿಸುತ್ತದೆ. 2018ರ ವೈದ್ಯಕೀಯ ನೊಬೆಲ್ ಅದಕ್ಕೇ ಬಂತು. ಕೆಲವರಿಗೆ ಅದ್ಭುತ, ಹಲವರಿಗೆ ಕೆಲಸವನ್ನೇ ಮಾಡುವುದಿಲ್ಲ.

ಮೊದಲು ಕೇಳಿದವರು: ಅಕ್ಕ ಒಪ್ಪಿದಳು ಮೇಡಂ. ಮನೆಯಲ್ಲಿ ಏನು ನೋಡಿಕೊಳ್ಳಬೇಕು?

ಉತ್ತರ: ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಕೀಮೋ ನಡೆಯುವಷ್ಟು ದಿನ, ಅದರಲ್ಲೂ ನಾನು ಹೇಳಿದ 7ರಿಂದ 14ನೇ ದಿನದೊಳಗೆ, 100.4 ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ ಕಂಡರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗ್ಗೆ ನೋಡೋಣ ಅನ್ನಬೇಡಿ. ಬಿಳಿ ರಕ್ತಕಣ ಕಮ್ಮಿ ಇರುವಾಗ ಸೋಂಕು ಜೀವಕ್ಕೇ ಅಪಾಯ. ಮಧ್ಯರಾತ್ರಿ ಆದರೂ ಎಮರ್ಜೆನ್ಸಿಗೆ ಹೋಗಿ. ಹೋದ ತಕ್ಷಣ ಕೀಮೋ ಯಾವತ್ತು ಆಯಿತು ಅಂತ ಹೇಳಿ. ಚಳಿ ನಡುಕ ಬಂದರೆ ಜ್ವರ ಅಷ್ಟು ಏರದಿದ್ದರೂ ಹೋಗಿ.